ಎರಡು ಓಮ್

ಸಪ್ಪೊರೊದ ತನುಕಿಕೋಜಿಯಲ್ಲಿ, ನೂಡಲ್ಸ್ ಅಂಗಡಿಯ ಅಟ್ಟದ ಮೇಲೆ
ಮೂರು ಕುರ್ಚಿ ಹಿಡಿಸುವಷ್ಟು ನನ್ನ ರಿಪೇರಿ ಕೋಣೆ.
ಬೂಟಿನ ಹಿಮ ಕೊಡವಿ ಒಳಬಂದರು ಉಬುಕಾತಾ,
ಕಾಡಿನ ಹಕ್ಕಿ ಎಣಿಸುವವರು, ಅರವತ್ತೆಂಟರ ಆಚೆಯವರು.
ಇಯರ್‌ಫೋನನ್ನು ಮೇಜಿನ ಮೇಲಿಟ್ಟರು,
ಗೂಡಿನಿಂದ ಬಿದ್ದ ಮರಿಯನ್ನು ಇಡುವ ಹಾಗೆ.

"ಕಿಕುಇತಾದಾಕಿ ಕೇಳಿಸುತ್ತಿಲ್ಲ, ಚಿನಾಮಿ.
ಐದು ಗ್ರಾಮಿನ ಹಕ್ಕಿ, ನೆತ್ತಿಯಲ್ಲಿ ಹಳದಿ ಗೀರು,
ದನಿಯೋ ಸೂಜಿಮೊನೆ.
ಪರದೆಯ ಮೇಲೆ ಗೆರೆ ಮೂಡುತ್ತದೆ. ಕಿವಿಯಲ್ಲಿ ಬರೀ ಗಾಳಿ."

ಕೇಬಲ್ ಯಾವಾಗ ಬದಲಿಸಿದಿರಿ?
"ಎಲೆ ಉದುರುವಾಗ. ಹಳೆಯದನ್ನು ನರಿ ಕಚ್ಚಿತು."
ಹೊಸದು ಕೂದಲೆಳೆಯಷ್ಟು ಹಗುರ, ಬೆಳ್ಳಿಯ ಮಿರುಗು.
ಮೀಟರಿನ ನಾಲ್ಕು ಹಲ್ಲು ಕಚ್ಚಿಸಿದೆ:
ಹೋಗುವ ದಾರಿ, ಬರುವ ದಾರಿ ಸೇರಿ
ಎರಡು ಓಮ್.

ತಂತಿಯೂ ಒಬ್ಬ ಸುಂಕದವ.
ನಡುದನಿಯಲ್ಲಿ ಈ ಇಯರ್‌ಫೋನಿನ ತಡೆ ಇಪ್ಪತ್ತು;
ಇಪ್ಪತ್ತೆರಡರಲ್ಲಿ ಎರಡು ಅವನ ಕಿಸೆಗೆ, ಹೋಗಲಿ ಬಿಡಿ.
ಮೇಲೆ, ಸೂಜಿಮೊನೆಯ ಹತ್ತಿರ, ತಡೆ ಆರಕ್ಕಿಳಿಯುತ್ತದೆ.
ಎಂಟರಲ್ಲಿ ಎರಡು!
ಐದು ಗ್ರಾಮಿನ ಹಕ್ಕಿಗೆ ಕಾಲುಪಾಲು ಸುಂಕ.
ಅವನ ಮುಂದೆ ಸುಖದುಃಖ ಹೇಳಿಕೊಂಡರೆ ಬಂದದ್ದೇನು?

ಬೆಳ್ಳಿ ಬೇಡ, ಎಂಟೆಳೆಯ ಜಡೆ ಬೇಡ.
ಸಾದಾ ತಾಮ್ರ, ತುಸು ದಪ್ಪ;
ಪಿನ್ನು ಅಲುಗದೆ ಕೂರಬೇಕು,
ಫೆಬ್ರವರಿಯ ಕಾಡಿನಲ್ಲಿ ಹೊದಿಕೆ ಸೆಟೆಯಬಾರದು.
ಬೆಲೆ, ಕೆಳಗಿನ ಅಂಗಡಿಯ ಮೂರು ಬಟ್ಟಲು ನೂಡಲ್ಸ್.
ಅವರ ಮುಖ ಸಣ್ಣದಾಯಿತು.
ದುಬಾರಿಯಾಗಿದ್ದರೆ ನಂಬುತ್ತಿದ್ದರೇನೋ.

ಅಳೆದು ತೋರಿಸಿದೆ: ಸೊನ್ನೆ ಬಿಂದು ಎರಡು.
ಸಿಕ್ಕಿಸಿ, ಕಣ್ಣು ಮುಚ್ಚಿ ಕೂತರು.
"ತೊರೆ ಹತ್ತಿರ ಬಂತು. ಎಲೆಗಳೂ ಬಂದವು."
ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ.

ತಂತಿ ತಿಂದದ್ದು ಒಂದೂವರೆ ಡೆಸಿಬೆಲ್, ಅದನ್ನು ಕಕ್ಕಿಸಿದ್ದೇನೆ.
ಮಿಕ್ಕದ್ದನ್ನು ತಿಂದವರು ಯಾರೆಂದು
ನನ್ನ ಮೀಟರು ಹೇಳುವುದಿಲ್ಲ, ನಾನೂ ಹೇಳಲಿಲ್ಲ.

ಅವರ ಎಡಗಿವಿಯದನ್ನು ಕೇಳಿ ಪಡೆದು ನನ್ನ ಕಿವಿಗಿಟ್ಟೆ.
ತ್ಸೀ, ತ್ಸೀ, ಅಲ್ಲೇ ಇತ್ತು, ಫರ್ ಮರದ ತುದಿಯಲ್ಲಿ.
"ಈಗ," ಎಂದು ಬೆರಳೆತ್ತಿದೆ. "ಈಗ. ಮತ್ತೆ ಈಗ."

ಉಬುಕಾತಾ ನೋಟ್‌ಬುಕ್ ಬಿಚ್ಚಿದರು.
ನನ್ನ ಬೆರಳು ಎದ್ದಾಗಲೆಲ್ಲ ಒಂದು ಗೀಟು.
ಏಳನೆಯದನ್ನು ಎಳೆದು, ಪೆನ್ಸಿಲ್ ಕಿವಿಗೆ ಸಿಕ್ಕಿಸಿ,
ಚಿಲ್ಲರೆ ಎಣಿಸತೊಡಗಿದರು.