ತಿದ್ದುಪಡಿ

ಕಳೆದ ಶನಿವಾರದ ಸಂಚಿಕೆ, ಮೂರನೇ ಪುಟ, ಕೆಳಗಿನ ಮೂಲೆ:
ಗೋಣಿಕೊಪ್ಪದಾಚೆ, ಹೊಳೆಬದಿಯ ಹಾಡಿಗೆ
ಮಂಜೂರಾದ ಸೇತುವೆ ಇಲ್ಲ, ಒಂದೇ ಕಂಬ ನಿಂತಿದೆ
ಎಂದು ಬರೆದಿದ್ದೆವು.
ಅದು ತಪ್ಪೆಂದು ಇಲಾಖೆಯ ಪತ್ರ ಬಂದಿದೆ,
ಮೊಹರು ಒತ್ತಿ, ಎರಡು ಪ್ರತಿ.

ಬೊಳ್ಳಮ್ಮ ಮತ್ತೆ ಹೋದಳು.
ತೋಟದ ಗೇಟಿನವರೆಗೆ ಜೀಪು, ಆಮೇಲೆ ಕಾಲು,
ಸೊಂಟದ ತನಕ ಹೊಳೆ, ಕ್ಯಾಮೆರಾ ತಲೆಯ ಮೇಲೆ.
ಜಿಗಣೆ ಕೀಳುತ್ತಲೇ ಎಣಿಸಿದಳು.

ಹೌದು, ಎರಡು.
ಇನ್ನೊಂದು ಉದ್ಘಾಟನೆಯ ಕಲ್ಲು.
ಹನ್ನೊಂದು ಹೆಸರು, ಎಲ್ಲವೂ ಶ್ರೀ.
ಹಾಡಿಯ ಚಾಮಿ ಅದರ ನೆತ್ತಿಗೆ ಹರವಿದ್ದಾಳೆ
ಹೊಳೆ ದಾಟಿ ಬಂದ ಮಗನ
ಶಾಲೆಯ ಚಡ್ಡಿ.

ಸರ್ಕಾರಿ ಜಾಹೀರಾತು ನಿಂತಿದೆ. ಕಾಗದದ ಸಾಲವೂ ಇದೆ.
ಆದರೂ ತಪ್ಪು ತಪ್ಪೇ.
ವಿಷಾದಿಸುತ್ತ, ಇಂದು
ಮೊದಲ ಪುಟದಲ್ಲಿ, ಚಿತ್ರಸಹಿತ,
ತಿದ್ದಿಕೊಂಡಿದ್ದೇವೆ.