ಏರುವಾಗಲೋ, ಇಳಿಯುವಾಗಲೋ

ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್
ಎಲ್ಲಿ ಹೋಗುತ್ತದೆ, ಆಲಿಕುಟ್ಟಿ?
ಕಂಬದ ಬುಡದಲ್ಲಿ ನಿಲ್ಲಿಸಿದ ಕಡೆ ಒಂದು ಹನಿಯಿಲ್ಲ.
ರಾತ್ರಿ ಎಂಜಿನ್ನಿನ ಕೆಳಗೆ ಹಾಸಿದ ಪೇಪರನ್ನು
ಬೆಳಿಗ್ಗೆ ಎತ್ತಿದರೆ ಬರೀ ಸುದ್ದಿ.

ಸಿದ್ದಾಪುರದ ಅಂಗಡಿಯವನು ದಪ್ಪದ್ದು ಹಾಕಿ ಅಂದ.
ಇಪ್ಪತ್ತು-ಐವತ್ತು. ಹಳೆ ಗಾಡಿಗೆ ಅದೇ ಮದ್ದಂತೆ.
ಆಲಿಕುಟ್ಟಿ ಬೆರಳಿಗೆ ಒಂದು ತೊಟ್ಟು ಹಚ್ಚಿ
ಹೆಬ್ಬೆರಳಿಂದ ತಿಕ್ಕಿ
ನೂಲು ಏಳುತ್ತದೋ ನೋಡಿದ:
"ಡಿಸೆಂಬರಲ್ಲಿ ಬೆಳಗಿನ ಐದಕ್ಕೆ ಫೋನ್ ಬಂದರೆ
ಇದು ಜೇನಿನ ಹಾಗೆ ಕೆಳಗೇ ಕೂತಿರುತ್ತದೆ ಸಾರ್,
ಮೇಲೆ ಕ್ಯಾಮ್ ಒಣಗಿ ಕಿರುಗುಟ್ಟುತ್ತದೆ.
ದಪ್ಪ ಎಣ್ಣೆ ರೋಗ ಮುಚ್ಚುತ್ತದೆ, ವಾಸಿ ಮಾಡಲ್ಲ.
ಮೊದಲು ಹೇಳಿ,
ಹೊಗೆ ಏರುವಾಗಲೋ, ಇಳಿಯುವಾಗಲೋ?
ಏರುವಾಗ ಅಂದರೆ ರಿಂಗು.
ಇಳಿದು ಮತ್ತೆ ಆಕ್ಸಿಲರೇಟರ್ ತಿರುವಿದಾಗ ಅಂದರೆ
ವಾಲ್ವಿನ ಸೀಲು."

ಹನ್ನೊಂದು ವರ್ಷ ಚೆಟ್ಟಳ್ಳಿಯ ಇಳಿಜಾರು ಇಳಿದಿದ್ದೇನೆ.
ಹಿಂದೆ ನೋಡಿದವನಲ್ಲ.

"ಇಳಿವಾಗ" ಅಂದ ಬೊಳಕ,
ಬಾಗಿಲಲ್ಲಿ ನಿಂತು, ತಂತಿಯ ಸುರುಳಿ
ಹೆಗಲಿಂದ ಇಳಿಸದೆಯೇ.
"ಕೊನೆ ತಿರುವಲ್ಲಿ. ನೀಲಿ."
ಯಾಕೋ ಹೇಳಲಿಲ್ಲ ಇಷ್ಟು ದಿನ?
ಅವನು ಅಂಗಿಯ ತೋಳು ಮೂಸಿ ನೋಡಿಕೊಂಡ,
ಅಷ್ಟೆ.

ಸೀಲು ಬದಲಾಯಿತು. ಹದಿನೈದು-ಐವತ್ತು ತುಂಬಿದೆವು,
ಪುಟ್ಟ ಗಾಜಿನಲ್ಲಿ ಅರ್ಧಕ್ಕೆ ನಿಲ್ಲುವಷ್ಟು.
ಕೀಲಿ ಬೊಳಕನಿಗೆ ಕೊಟ್ಟೆ.
ಸುರುಳಿ ನನ್ನ ಹೆಗಲಿಗೆ ಬಂತು.
ಇಷ್ಟು ಭಾರವೇನೋ ಇದು
ಅನ್ನುವುದರೊಳಗೆ ಗಾಡಿ ಹೊರಟಿತ್ತು,
ಅವನ ಮುಖ ಚೆಟ್ಟಳ್ಳಿಯ ಕಡೆಗೆ,
ನನ್ನದು ಹಿಂದಕ್ಕೆ.