ಇತರೆ

ಪ್ರಬಂಧ ಮುಗಿಯಿತು ಅಂದರೆ ಯಾರೂ ನಂಬಲಿಲ್ಲ,
ಮೊದಲು ನಾನೇ.
ಬ್ಲಾಂಟೈರಿನ ಬಸ್ ನಿಲ್ದಾಣದ ಹಿಂದೆ
ಸೈಟಿಯ ಬೈಂಡಿಂಗ್ ಅಂಗಡಿ. ಅಂಟಿನ ಘಾಟು.
ನೂರಾ ಹನ್ನೆರಡು ಹಾಳೆಗಳನ್ನು ಮೇಜಿಗೆ ಕುಟ್ಟಿ ಕುಟ್ಟಿ
ಅಂಚು ಸರಿಮಾಡುತ್ತ ಕೇಳಿದ:
“ಸಿಸ್ಟರ್ ಫಲೇಸಿ, ಇಷ್ಟೆಲ್ಲ ಯಾವುದರ ಮೇಲೆ?”
“ನೀರಿನ ಮೇಲೆ.”
“ನೀರಿನ ಮೇಲೆ ಬರೆದದ್ದು ನಿಂತೀತೆ?” ನಕ್ಕ.
ಕರೆಂಟು ಹೋಯಿತು. ಕಾದೆವು.

ಮುನ್ನೂರ ಎಂಬತ್ತನಾಲ್ಕು ಮನೆ.
ಸೂತ್ರ ಹೇಳಿದ್ದು ಅಷ್ಟು, ಕಾಲು ಹೇಳಿದ್ದು ಬೇರೆ.
ಎನ್‌ಡಿರಾಂಡೆ ಗುಡ್ಡದ ಮಗ್ಗುಲಲ್ಲಿ
ತಗಡಿನ ಮೇಲೆ ತಗಡು, ತಗಡಿನ ಮೇಲೆ ಕಲ್ಲು,
ಒಬ್ಬರ ಬಚ್ಚಲ ಎದುರು ಇನ್ನೊಬ್ಬರ ಬಾಗಿಲು.
ಎಲ್ಲ ಕಡೆ ಒಂದೇ ಪ್ರಶ್ನೆ:
ಕುಡಿಯುವ ನೀರಿಗೆ ಕ್ಲೋರಿನ್ ಹಾಕುತ್ತೀರಾ ಅಮ್ಮಾ?
ಹಾಕುತ್ತೇವೆ ಸಿಸ್ಟರ್. ಹಾಕದೆ ಉಂಟೆ ಸಿಸ್ಟರ್. ಕೂತುಕೊಳ್ಳಿ ಸಿಸ್ಟರ್.
ಇನ್ನೂರ ತೊಂಬತ್ತೊಂದು ಹೌದು.

ಆಮೇಲೆ ಗಾಜಿನ ನಳಿಗೆಯಲ್ಲಿ ಅವರ ನೀರು,
ಅದರೊಳಗೊಂದು ಮಾತ್ರೆ.
ಕ್ಲೋರಿನ್ ಇದ್ದರೆ ಗುಲಾಬಿ.
ಇಲ್ಲದಿದ್ದರೆ ನೀರು ನೀರಾಗಿಯೇ ಇರುತ್ತದೆ.
ಐವತ್ತೆಂಟು ಗುಲಾಬಿ.
ಮಿಕ್ಕವರು ನನ್ನ ಮುಖ ನೋಡಲಿಲ್ಲ,
ನಾನು ಅವರದು ನೋಡಲಿಲ್ಲ,
ನಳಿಗೆಯನ್ನಷ್ಟೇ ನೋಡುತ್ತ ಕೂತೆವು
ಜ್ವರದ ಮಗುವನ್ನು ನೋಡುವ ಹಾಗೆ.

ಇದಕ್ಕೆ ಪುಸ್ತಕದಲ್ಲಿ ಹೆಸರಿದೆ: ದಾಕ್ಷಿಣ್ಯದ ದೋಷ.
ಎರಡನೇ ಅಧ್ಯಾಯದಲ್ಲಿ ಒಂದೂವರೆ ಪುಟ ಕೊಟ್ಟಿದ್ದೇನೆ.
ದಾಕ್ಷಿಣ್ಯ ದೋಷವಾದರೆ
ನನ್ನ ಅವ್ವನಿಗೆ ಮೈತುಂಬ ದೋಷ.

ಇನ್ನೂರ ಹದಿನೇಳನೇ ಮನೆ.
ಅಜ್ಜಿ ಎನೆಲೆಸಿ ಚಾಪೆಯ ಮೇಲೆ
ಮೆಕ್ಕೆಜೋಳದ ಹಿಟ್ಟು ಹರವುತ್ತಿದ್ದಳು.
ನಾನು ಬಾಯಿ ತೆರೆಯುವ ಮೊದಲೇ ಅಂದಳು: ಹಾಕುವುದಿಲ್ಲ.
ಯಾಕಜ್ಜಿ?
“ಟೆಂಟಿನ ವಾಸನೆ ಬರುತ್ತದೆ, ತಾಯಿ.
ನನ್ನ ಮಗಳ ಮಂಚಕ್ಕೆ, ನೆಲಕ್ಕೆ, ನನ್ನ ಅಂಗಾಲಿಗೆ
ಅದನ್ನೇ ಸಿಂಪಡಿಸಿದರು.
ಪೆಟ್ಟಿಗೆಗೂ.
ಈಗ ಲೋಟ ಎತ್ತಿದರೆ
ಅವಳು ಗಂಟಲಲ್ಲಿ ನಿಲ್ಲುತ್ತಾಳೆ.”

ನನ್ನ ಹಾಳೆಯಲ್ಲಿ ಚೌಕಗಳಿದ್ದವು.
ದುಡ್ಡಿಲ್ಲ. ರುಚಿ ಹಿಡಿಸದು. ಅಂಗಡಿಯಲ್ಲಿ ಸಿಗದು. ಮರೆವು. ಇತರೆ.
ಇತರೆಗೆ ಗುರುತು ಹಾಕಿದೆ.
ನೆಟ್ಟಗೇ ಬಿತ್ತು. ಕೈ ನಡುಗಲಿಲ್ಲ,
ಇಪ್ಪತ್ತು ವರ್ಷದ ನರ್ಸು ನಾನು.
ಆ ಮಳೆಗಾಲ ಬೂಟು ತೊಟ್ಟು
ಪಂಪು ಬೆನ್ನಿಗೇರಿಸಿದವರಲ್ಲಿ ನಾನೂ ಇದ್ದೆ.
ಅದನ್ನು ಯಾವ ಚೌಕವೂ ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಡಾಕ್ಟರ್ ಕಲುವಾ ಕೆಂಪು ಶಾಯಿಯಲ್ಲಿ ಬರೆದರು:
ಒಂದು ಮನೆಯ ಮಾತು ಪುರಾವೆಯಲ್ಲ. ತೆಗೆಯಿರಿ.
ಸರಿಯೇ. ಮುನ್ನೂರ ಎಂಬತ್ತನಾಲ್ಕರಲ್ಲಿ ಒಂದು
ದಶಾಂಶ ಬಿಂದುವಿನ ಆಚೆ
ಎರಡು ಸೊನ್ನೆ ದಾಟಿ ಹೋಗಿ ಕೂರುತ್ತದೆ.
ತೆಗೆದೆ. ಅನುಬಂಧಕ್ಕೆ ಸರಿಸಿದೆ,
ಪುಟ ನೂರಾ ಏಳು,
ಪ್ರಶ್ನಾವಳಿಗೂ ಅನುಮತಿ ಪತ್ರಕ್ಕೂ ನಡುವೆ,
ಯಾರೂ ಹಾಯದ ಓಣಿ.

ಕರೆಂಟು ಬಂತು.
ಕಪ್ಪು ರಟ್ಟಿನ ಮೇಲೆ ಬಂಗಾರದ ಅಕ್ಷರ,
ನನ್ನ ಹೆಸರಿನಲ್ಲಿ ಒಂದು ತಪ್ಪು.
ಸೈಟಿ ಹಣೆ ಚಚ್ಚಿಕೊಂಡ. ಇರಲಿ ಬಿಡು ಅಂದೆ.
ಪುಸ್ತಕ ಇನ್ನೂ ಬೆಚ್ಚಗಿತ್ತು, ಮಡಿಲಲ್ಲಿಟ್ಟುಕೊಂಡು
ಮಿನಿಬಸ್ಸಿನಲ್ಲಿ ಕೂತೆ. ಪಕ್ಕದವಳ ಕೋಳಿ
ಅದನ್ನೊಮ್ಮೆ ಕುಕ್ಕಿ ನೋಡಿತು.

ಮನೆಯಲ್ಲಿ, ಚೀಲದ ತಳದಲ್ಲಿ
ಒಂದೇ ಒಂದು ಮಾತ್ರೆ ಉಳಿದಿತ್ತು.
ಯಾಕೋ, ನಮ್ಮ ಬಕೆಟ್ಟಿನ ನೀರನ್ನೇ ನಳಿಗೆಗೆ ತುಂಬಿದೆ.
ಮೂರು ವಾರದಿಂದ ಉಪಸಂಹಾರ ಬರೆಯುತ್ತಿದ್ದೆನಲ್ಲ.
ಬಲ್ಬಿನ ಕೆಳಗೆ ಎತ್ತಿ ಹಿಡಿದೆ.
ಇನ್ನೊಂದು ನಿಮಿಷ ಹಿಡಿದೆ.
ನೀರು ನೀರಾಗಿಯೇ ಇತ್ತು.

ಒಳಗಿನಿಂದ ಮಗಳು: “ಅಮ್ಮಾ, ಇದಕ್ಕೆ ಕ್ಲೋರಿನ್ ಹಾಕಿದ್ದೀಯಾ?”
“ಹಾಕಿದ್ದೇನೆ ಮಗಾ,” ಅಂದೆ
ಬಾಟಲಿಯ ಮುಚ್ಚಳ ತಿರುಗಿಸುತ್ತ.
ವಾಸನೆ ಮೊದಲು ಬಂತು.